ಶ್ರವಣದೋಷವಿರುವ ಪುಟ್ಟ ಮಕ್ಕಳ ಆರಂಭಿಕ ಕಲಿಕೆ: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟುವ ಪ್ರತಿ 1,000 ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಶಾಶ್ವತ ಶ್ರವಣದೋಷ ಇರುತ್ತದೆ. ಈ ಮಕ್ಕಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಯ ಅಪ್ಪ ಅಮ್ಮನಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಕಿವುಡುತನದ ಪರಿಚಯ ಆಗುವುದೇ ತಮ್ಮ ಮಗುವಿನಿಂದ. ಏನು ಮಾಡಬೇಕೆಂದು ತೋಚದೆ ಕಂಗಾಲಾಗುವುದು ಸಹಜ. ಅಂಥ ಹೊತ್ತಿನಲ್ಲಿ ಬರುವ ಪ್ರಶ್ನೆಗಳು ಇವು.

ಮಗುವಿಗೆ ಇನ್ನೂ ಮೂರು ತಿಂಗಳು. ಈಗಲೇ ಶಿಕ್ಷಣ ಎಂದರೆ ಏನರ್ಥ?

ಇಲ್ಲಿ ಶಿಕ್ಷಣ ಎಂದರೆ ಅಕ್ಷರ ತಿದ್ದಿಸುವುದಲ್ಲ, ಭಾಷೆ. ಗರ್ಭದಲ್ಲಿ ಆರು ತಿಂಗಳು ತುಂಬುವ ಹೊತ್ತಿಗೆ ಶಿಶುವಿನ ಒಳಕಿವಿ ಕೆಲಸ ಶುರುಮಾಡಿರುತ್ತದೆ. ಕೇಳಿಸುವ ಮಗು ಹುಟ್ಟುವಾಗಲೇ ಅಮ್ಮನ ದನಿಯನ್ನು ಗುರುತಿಸುತ್ತದೆ, ಅಂದರೆ ಅದರ ಭಾಷಾಪಾಠ ಆಗಲೇ ಆರಂಭವಾಗಿದೆ. ಆಮೇಲೆ ಒಂದು ವರ್ಷ ತೊಟ್ಟಿಲಲ್ಲಿ ಮಲಗಿ, ಸೊಂಟದ ಮೇಲೆ ಕೂತು ಕೇಳಿಸಿಕೊಂಡಿದ್ದರ ಫಲವೇ ಮೊದಲ ಮಾತು. ಶ್ರವಣದೋಷವಿರುವ ಮಗುವಿಗೆ ಈ ಕೂಡಿಡುವ ಕಾಲವೇ ಕೈತಪ್ಪುತ್ತದೆ. ಅದನ್ನು ಕಿವಿಯ ಮೂಲಕವೋ ಕಣ್ಣಿನ ಮೂಲಕವೋ, ಎರಡರಿಂದಲೋ ತುಂಬಿಕೊಡುವುದೇ ಆರಂಭಿಕ ಕಲಿಕೆ. ಇಲ್ಲಿ ಮೊದಲ ಶಿಕ್ಷಕರು ನೀವು. ಮಾತು, ಕೇಳುವಿಕೆ ಕಲಿಸುವ ಥೆರಪಿಸ್ಟ್ ವಾರಕ್ಕೆ ಒಂದೆರಡು ಗಂಟೆ ಸಿಗುತ್ತಾರೆ, ನೀವು ದಿನವಿಡೀ ಸಿಗುತ್ತೀರಿ.

ಯಾವ ವಯಸ್ಸಿಗೆ ಏನಾಗಿರಬೇಕು?

ಜಗತ್ತಿನ ಹಲವೆಡೆ ತಜ್ಞರು ಒಪ್ಪಿಕೊಂಡಿರುವ ಲೆಕ್ಕ 1-3-6. ಒಂದು ತಿಂಗಳೊಳಗೆ ಎಲ್ಲ ಶಿಶುಗಳಿಗೂ ತಪಾಸಣೆ, ಮೂರು ತಿಂಗಳೊಳಗೆ ದೋಷ ಇದೆಯೇ ಇಲ್ಲವೇ ಎಂಬ ನಿಖರ ಪರೀಕ್ಷೆ, ಆರು ತಿಂಗಳೊಳಗೆ ಕಲಿಕೆಯ ಆರಂಭ. ಇದನ್ನು ಆಗಲೇ ಸಾಧಿಸಿರುವ ಕಡೆ 1-2-3ರ ಗುರಿ ಇಟ್ಟುಕೊಳ್ಳಿ ಎಂದು 2019ರಲ್ಲಿ ಅಮೆರಿಕದ ತಜ್ಞರ ಜಂಟಿ ಸಮಿತಿ ಹೇಳಿತು.

ಆರು ತಿಂಗಳ ಗಡುವು ಸುಮ್ಮನೆ ಹೇಳಿದ್ದಲ್ಲ. ಕೊಲರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು 150 ಮಕ್ಕಳನ್ನು ಅಧ್ಯಯನ ಮಾಡಿ 1998ರಲ್ಲಿ ವರದಿ ಪ್ರಕಟಿಸಿದರು. ಆರು ತಿಂಗಳೊಳಗೆ ದೋಷ ಪತ್ತೆಯಾಗಿ ಬೇಗನೆ ನೆರವು ಸಿಕ್ಕ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದವರಿಗಿಂತ ಎದ್ದು ಕಾಣುವಷ್ಟು ಮುಂದಿತ್ತು. ದೋಷ ಎಷ್ಟು ತೀವ್ರ, ಮನೆಯಲ್ಲಿ ಮಾತೋ ಸಂಜ್ಞೆಯೋ, ಕುಟುಂಬ ಬಡವರದೋ ಸ್ಥಿತಿವಂತರದೋ ಎಂಬುದನ್ನೆಲ್ಲ ಗಣನೆಗೆ ತೆಗೆದುಕೊಂಡರೂ ಆ ವ್ಯತ್ಯಾಸ ಹಾಗೆಯೇ ಉಳಿಯಿತು.

ಬಾಗಿಲು ಬಡಿದರೆ ತಿರುಗಿ ನೋಡುತ್ತದೆ, ಕೇಕೆ ಹಾಕಿ ನಗುತ್ತದೆ. ಕಿವಿ ಕೇಳಿಸುವುದಿಲ್ಲ ಎಂದರೆ ನಂಬುವುದು ಹೇಗೆ?

ಬಾಗಿಲು ಬಡಿದಾಗ ನೆಲ ಅದುರುತ್ತದೆ, ಗಾಳಿ ಅಲುಗುತ್ತದೆ, ಕಣ್ಣಂಚಿನಲ್ಲಿ ನೆರಳು ಸರಿಯುತ್ತದೆ. ಮಗು ಇವುಗಳಿಗೆ ತಿರುಗಿರಬಹುದು. ಶಬ್ದವೇ ಕೇಳಿಸಿದ್ದರೂ ಮಾತು ಕೇಳಿಸುತ್ತದೆ ಎಂದಾಗುವುದಿಲ್ಲ. ಎಷ್ಟೋ ಮಕ್ಕಳಿಗೆ ತಗ್ಗಿದ ಸ್ವರ ಕೇಳಿಸಿ, ಸ, ಶ, ಫ, ತ ಮುಂತಾದ ಮೇಲುಸ್ಥಾಯಿಯ ಸದ್ದುಗಳು ಮಾತ್ರ ಮಾಯವಾಗಿರುತ್ತವೆ.

ಕಿವುಡು ಮಗುವೂ ಮೊದಲ ತಿಂಗಳುಗಳಲ್ಲಿ ಗುಟುರು ಹಾಕುತ್ತದೆ, ನಗುತ್ತದೆ, ಅಳುತ್ತದೆ. ಆರರಿಂದ ಹತ್ತು ತಿಂಗಳ ನಡುವೆ 'ಬಾಬಾಬಾ', 'ದಾದಾದಾ' ಎಂದು ಸರಪಳಿ ಕಟ್ಟುವ ಬದಲು ಬರಿಯ ಸ್ವರಗಳಲ್ಲೇ ಉಳಿದಾಗ ವ್ಯತ್ಯಾಸ ಕಿವಿಗೆ ಬೀಳುತ್ತದೆ. ಆದ್ದರಿಂದ ಚಪ್ಪಾಳೆ ತಟ್ಟಿ ನೋಡುವುದು ಪರೀಕ್ಷೆಯಲ್ಲ. ಒಎಇ ಮತ್ತು ಬೆರಾ ಎಂಬ ಪರೀಕ್ಷೆಗಳನ್ನು ಮಲಗಿರುವ ಶಿಶುವಿಗೂ ನೋವಿಲ್ಲದೆ ಮಾಡುತ್ತಾರೆ. ಒಎಇ ಒಳಕಿವಿಯ ರೋಮಕೋಶಗಳ ಪ್ರತಿಕ್ರಿಯೆಯನ್ನು ನೋಡುತ್ತದೆ. ಶಬ್ದ ನರದ ಮೂಲಕ ಮೆದುಳಿನ ಕಾಂಡದವರೆಗೆ ತಲುಪುತ್ತಿದೆಯೇ ಎಂದು ತಿಳಿಸುವುದು ಬೆರಾ. ಹುಟ್ಟಿದ ಮೇಲೆ ತೀವ್ರ ನಿಗಾ ಘಟಕದಲ್ಲಿ ದಿನಗಟ್ಟಲೆ ಇದ್ದ ಮಗುವಿಗೆ ಒಎಇ ಒಂದೇ ಸಾಲದು. ನರದ ತೊಂದರೆ ಅದರಲ್ಲಿ ಸಿಕ್ಕಿಬೀಳುವುದಿಲ್ಲ.

ಹುಟ್ಟಿದಾಗ ಪಾಸಾದ ಮಗುವಿನ ಕೇಳಿಸುವಿಕೆ ಆಮೇಲೆ ಕುಗ್ಗುವುದೂ ಉಂಟು. ಗರ್ಭದಲ್ಲಿದ್ದಾಗ ತಗುಲಿದ ಸೈಟೊಮೆಗಲೊ ವೈರಸ್ ಇದಕ್ಕೆ ದೊಡ್ಡ ಕಾರಣ. ಮೆದುಳುಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್ ಬಂದು ಹೋಗಿದ್ದರಂತೂ ಕಿವಿಯ ಪರೀಕ್ಷೆ ಕೂಡಲೇ ಆಗಬೇಕು.

'ಕೆಲವು ಮಕ್ಕಳು ತಡವಾಗಿ ಮಾತಾಡುತ್ತಾರೆ, ಸ್ವಲ್ಪ ಕಾಯಿರಿ' ಎನ್ನುತ್ತಾರೆ ಹಿರಿಯರು.

ಕಾಯಬೇಡಿ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ತಿಳಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಇದೆ ಎಂದಾದರೆ ಕಾಯ್ದ ತಿಂಗಳುಗಳು ಮತ್ತೆ ಸಿಗುವುದಿಲ್ಲ.

ಹಿಯರಿಂಗ್ ಏಡ್ ಹಾಕಿದ ಮೇಲೆ ಮಾತು ತಾನಾಗಿಯೇ ಬರುವುದಿಲ್ಲವೇ?

ಬರುವುದಿಲ್ಲ. ಯಂತ್ರ ಶಬ್ದವನ್ನು ಕೊಡುತ್ತದೆ, ಆ ಶಬ್ದಕ್ಕೆ ಅರ್ಥ ಕೊಡುವವರು ಮನುಷ್ಯರು. ಜೊತೆಗೆ ಯಂತ್ರಕ್ಕೂ ಮಿತಿ ಇದೆ: ಒಂದೆರಡು ಮೀಟರಿನೊಳಗೆ ಅದು ಚೆನ್ನಾಗಿ ಹಿಡಿಯುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ದನಿ ಸುಮಾರು 6 ಡೆಸಿಬಲ್ ಕುಗ್ಗುತ್ತದೆ. ಫ್ಯಾನು, ನಲ್ಲಿ, ಟಿವಿಗಳ ಸದ್ದನ್ನೂ ಯಂತ್ರ ನಿಮ್ಮ ಮಾತಿನ ಜೊತೆ ಹೆಚ್ಚಿಸುತ್ತದೆ. ಆದ್ದರಿಂದ ಆಚೆ ಕೋಣೆಯಿಂದ ಕೂಗುವ ಅಭ್ಯಾಸ ಬಿಟ್ಟು ಮಗುವಿನ ಹತ್ತಿರ ಹೋಗಿ ಮಾತಾಡಿ. ಯಾರೂ ನೋಡದಿದ್ದರೆ ಟಿವಿ ಆರಿಸಿ. ಗಂಟಲು ಹರಿದುಕೊಳ್ಳುವುದೂ ಬೇಡ. ಕೂಗಿದರೆ ಸ್ವರ ಜೋರಾಗುತ್ತದೆ, ವ್ಯಂಜನ ಅದರಲ್ಲಿ ಮುಚ್ಚಿಹೋಗುತ್ತದೆ.

ಹಾಕಿದ ತಕ್ಷಣ ಕಿತ್ತೆಸೆಯುತ್ತದೆ!

ಆರು ತಿಂಗಳಿನಿಂದ ಎರಡು ವರ್ಷದವರೆಗೆ ಬಹುತೇಕ ಎಲ್ಲ ಮಕ್ಕಳದ್ದೂ ಇದೇ ಆಟ. ಮೊದಲು ಕಾರಣ ನೋಡಿ. ಕಿವಿ ಕೆಂಪಾಗಿದೆಯೇ, ಸೋರುತ್ತಿದೆಯೇ? ಇಯರ್‌ಮೋಲ್ಡ್, ಅಂದರೆ ಯಂತ್ರದ ಕಿವಿಯೊಳಗೆ ಕೂರುವ ಅಚ್ಚು, ಸಡಿಲವಾಗಿ ಕೀಚ್ ಎನ್ನುತ್ತಿದೆಯೇ? ಶಿಶುವಿನ ಕಿವಿ ಬೇಗ ಬೆಳೆಯುವುದರಿಂದ ಮೊದಲ ವರ್ಷ ಒಂದೆರಡು ತಿಂಗಳಿಗೊಮ್ಮೆ ಹೊಸ ಮೋಲ್ಡ್ ಬೇಕಾಗಬಹುದು. ಒಂದೇ ಸದ್ದಿಗೆ ಪ್ರತಿ ಸಲ ಬೆಚ್ಚಿ ಕಿತ್ತರೆ ಆಡಿಯಾಲಜಿಸ್ಟರಿಗೆ (ಶ್ರವಣ ತಜ್ಞರಿಗೆ) ಹೇಳಿ. ಇದ್ಯಾವುದೂ ಇಲ್ಲ ಎಂದಾದರೆ ಗದರದೆ, ನಗದೆ, ಮತ್ತೆ ಹಾಕಿ. ಹಾಕಿದ ಕೂಡಲೇ ಇಷ್ಟದ ಆಟ ಶುರುವಾಗಲಿ. ತೆಳುಬಟ್ಟೆಯ ಟೋಪಿ, ಅಂಗಿಗೆ ಸಿಕ್ಕಿಸುವ ಕ್ಲಿಪ್ಪು ನೆರವಾಗುತ್ತವೆ. ಎದ್ದಾಗಿನಿಂದ ಮಲಗುವವರೆಗೆ ಹಾಕಿಸುವುದು ಗುರಿ. ಥೆರಪಿಗೆ ಹೋಗುವಾಗ ಮಾತ್ರ ಹಾಕಿಸಿದರೆ ಮಗುವಿಗೆ ಪ್ರಯೋಜನವಿಲ್ಲ.

ಒಂದು ಎಚ್ಚರಿಕೆ: ಗುಂಡಿ ಬ್ಯಾಟರಿ ಮಗುವಿನ ಕೈಗೆ ಸಿಗಬಾರದು. ಮುಚ್ಚಳಕ್ಕೆ ಲಾಕ್ ಇರುವ ಯಂತ್ರವನ್ನೇ ಕೇಳಿ. ಬ್ಯಾಟರಿ ನುಂಗಿದ್ದರೆ ಅಥವಾ ಮೂಗಿಗೆ ತುರುಕಿಕೊಂಡಿದ್ದರೆ ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಓಡಿ.

ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಪುಟ್ಟ ಮಗು ಹೇಳಲಾರದು. ತಿಳಿಯುವುದು ಹೇಗೆ?

ಬೆಳಿಗ್ಗೆ ಎರಡು ನಿಮಿಷ ಮೀಸಲಿಡಿ. ಮೊದಲು ಸ್ಟೆತೊಕ್ಲಿಪ್ (ಯಂತ್ರದ ಸದ್ದನ್ನು ನಿಮ್ಮ ಕಿವಿಗೆ ತರುವ ನಳಿಕೆ) ಹಾಕಿ ನೀವೇ ಕೇಳಿ. ಆಮೇಲೆ ಡೇನಿಯಲ್ ಲಿಂಗ್ ರೂಪಿಸಿದ ಆರು ಸದ್ದುಗಳ ಪರೀಕ್ಷೆ: ಮ್, ಊ, ಆ, ಈ, ಶ್, ಸ್. ತಗ್ಗಿನ 'ಮ್'ನಿಂದ ಎತ್ತರದ 'ಸ್'ವರೆಗೆ ಮಾತಿನ ಇಡೀ ಹರವು ಇವುಗಳಲ್ಲಿ ಅಡಗಿದೆ. ಮಗುವಿನ ಪಕ್ಕದಲ್ಲೋ ಹಿಂದೆಯೋ ಕೂತು, ಬಾಯಿ ಕಾಣದಂತೆ, ಎಂದಿನ ದನಿಯಲ್ಲಿ ಒಂದೊಂದಾಗಿ ಹೇಳಿ. ದಿನಾ ಒಂದೇ ಕ್ರಮ ಬೇಡ, ನಡುವಿನ ಬಿಡುವೂ ಒಂದೇ ಸಮ ಬೇಡ, ಮಕ್ಕಳು ಅದನ್ನು ಬಲುಬೇಗ ಊಹಿಸಿಬಿಡುತ್ತಾರೆ. ಶಿಶುವಾದರೆ ಕಣ್ಣರಳಿಸುವುದು, ಚೀಪುವುದನ್ನು ನಿಲ್ಲಿಸುವುದೇ ಉತ್ತರ. ಎರಡು ವರ್ಷದ ಮಗು ಸದ್ದು ಕೇಳಿಸಿದಾಗ ಡಬ್ಬಿಗೆ ಒಂದು ಬಿಲ್ಲೆ ಹಾಕಬಹುದು. ನಿನ್ನೆ ಕೇಳಿಸಿದ್ದ 'ಸ್' ಇವತ್ತು ಕೇಳಿಸದಿದ್ದರೆ ಮೋಲ್ಡಿನಲ್ಲಿ ಗುಗ್ಗೆ ಕಟ್ಟಿರಬಹುದು, ಕೊಳವೆಯಲ್ಲಿ ತೇವ ನಿಂತಿರಬಹುದು, ನೆಗಡಿಯಿಂದ ಮಧ್ಯಕಿವಿಯಲ್ಲಿ ನೀರು ತುಂಬಿರಬಹುದು.

ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸುವವರೆಗೆ ಕಾದು, ಆಮೇಲೆ ಕಲಿಕೆ ಶುರುಮಾಡಿದರೆ ಆಗದೇ?

ಆಗದು. ಇಂಪ್ಲಾಂಟ್ ಎಂದರೆ ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಯಲ್ಲಿ ಕೂರಿಸುವ, ಶ್ರವಣ ನರಕ್ಕೆ ನೇರವಾಗಿ ಸಂಕೇತ ಕೊಡುವ ಯಂತ್ರ. ಅದನ್ನು ಬೇಗ ಮಾಡಿಸುವುದು ಒಳ್ಳೆಯದು ನಿಜ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ 9 ತಿಂಗಳ ಮಕ್ಕಳಿಗೂ ಒಪ್ಪಿಗೆ ಕೊಟ್ಟಿತು. ಮೆನಿಂಜೈಟಿಸ್‌ನಿಂದ ಕಿವುಡಾದ ಮಗುವಿಗೆ ಇನ್ನೂ ತುರ್ತು, ಏಕೆಂದರೆ ಒಳಕಿವಿಯ ಸುರುಳಿಯಲ್ಲಿ ಎಲುಬು ಬೆಳೆದು ದಾರಿ ಮುಚ್ಚಿಕೊಳ್ಳಬಹುದು. ಆದರೆ ಪರೀಕ್ಷೆಗಳು, ಲಸಿಕೆ, ಶಸ್ತ್ರಚಿಕಿತ್ಸೆ, ಗಾಯ ಮಾಗಿ ಯಂತ್ರ ಚಾಲೂ ಆಗುವುದು, ಆಮೇಲೆ ಪದೇ ಪದೇ ಮ್ಯಾಪಿಂಗ್ (ಯಂತ್ರವನ್ನು ಮಗುವಿಗೆ ಹೊಂದಿಸುವುದು): ಇದೆಲ್ಲ ಮುಗಿಯಲು ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಮಗುವಿನ ಮೆದುಳು ಭಾಷೆಗಾಗಿ ಕಾಯುತ್ತಾ ಕೂರುವುದಿಲ್ಲ. ಹಿಯರಿಂಗ್ ಏಡ್ ಹಾಕಿಸಿ, ಮುಖ ತೋರಿಸಿ ಮಾತಾಡಿ, ಸಂಜ್ಞೆ ಮಾಡಿ, ಬೆರಳು ತೋರಿಸಿ, ಸರದಿಯಾಟ ಆಡಿಸಿ. ಇಂಪ್ಲಾಂಟ್ ಬಂದ ದಿನ ಮಗುವಿನ ಕೈಯಲ್ಲಿ ಆಗಲೇ ಒಂದು ಭಾಷೆ ಇದ್ದರೆ ಹೊಸ ಶಬ್ದಗಳನ್ನು ಅದರ ಮೇಲೆ ಜೋಡಿಸಿಕೊಳ್ಳುತ್ತದೆ.

ಸಂಜ್ಞಾ ಭಾಷೆ ಕಲಿಸಿದರೆ ಮಾತು ಬರುವುದಿಲ್ಲ ಎನ್ನುತ್ತಾರಲ್ಲ?

ಈ ಭಯ ಬಹಳ ಹಳೆಯದು, ಅದು ಮಾಡಿರುವ ಹಾನಿಯೂ ಸಣ್ಣದಲ್ಲ. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ್ದ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ, ಕಿವುಡು ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕು, ಸಂಜ್ಞೆ ಕೂಡದು ಎಂದು ನಿರ್ಣಯಿಸಿತು. ಆಮೇಲೆ ಹಲವು ದೇಶಗಳ ಶಾಲೆಗಳಲ್ಲಿ ದಶಕಗಟ್ಟಲೆ ಸಂಜ್ಞೆಗೆ ತಡೆ ಬಿತ್ತು. 2010ರಲ್ಲಿ ವ್ಯಾಂಕೂವರಿನಲ್ಲಿ ನಡೆದ ಅದೇ ಸರಣಿಯ ಸಮ್ಮೇಳನ ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. ಈ ನಡುವೆ, 1960ರಲ್ಲಿ, ವಿಲಿಯಂ ಸ್ಟೋಕಿ ಎಂಬ ಭಾಷಾವಿಜ್ಞಾನಿ ಸಂಜ್ಞೆಗಳಿಗೂ ಕೈಯ ಆಕಾರ, ಜಾಗ, ಚಲನೆಗಳ ವ್ಯವಸ್ಥಿತ ರಚನೆ ಇದೆ ಎಂದು ತೋರಿಸಿದ್ದರು. ಸಂಜ್ಞಾ ಭಾಷೆ ಎಂದರೆ ಸನ್ನೆಗಳ ಗುಡ್ಡೆಯಲ್ಲ. ಅದು ತನ್ನದೇ ವ್ಯಾಕರಣವಿರುವ ಪೂರ್ಣ ಭಾಷೆ.

ಸಂಜ್ಞೆ ಮಾಡುವ ಮನೆಯಲ್ಲಿ ಹುಟ್ಟಿದ ಕಿವುಡು ಶಿಶು ಸುಮಾರು ಹತ್ತು ತಿಂಗಳ ಹೊತ್ತಿಗೆ ಕೈಯಲ್ಲೇ ತೊದಲುತ್ತದೆ. ಇದನ್ನು ಲಾರಾ ಪೆಟಿಟೊ ಮತ್ತು ಪೌಲಾ ಮರೆಂಟೆಟ್ 1991ರಲ್ಲಿ ದಾಖಲಿಸಿದರು. ಆ ಮಕ್ಕಳು ಮೊದಲ ಪದ, ಎರಡು ಪದದ ವಾಕ್ಯಗಳನ್ನು ಕೇಳಿಸುವ ಮಕ್ಕಳಷ್ಟೇ ಸಕಾಲದಲ್ಲಿ ಮುಟ್ಟುತ್ತಾರೆ. ಕೈಗೆ ಭಾಷೆ ಬಂದರೆ ಬಾಯಿ ಮುಚ್ಚಿಹೋಗುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ನಿಜವಾಗಿ ಹೆದರಬೇಕಾದ್ದು ಬೇರೆ ಇದೆ: ಮಾತು ಪೂರ್ತಿ ಕೇಳಿಸದೆ, ಸಂಜ್ಞೆಯೂ ಸಿಗದೆ, ನಾಲ್ಕೈದು ವರ್ಷ ಯಾವ ಭಾಷೆಯೂ ಇಲ್ಲದೆ ಮಗು ಬೆಳೆಯುವುದು. ಆಗ ಆಗುವ ನಷ್ಟವನ್ನು ಮುಂದೆ ಪೂರ್ತಿ ತುಂಬಲು ಬಹಳ ಕಷ್ಟ.

ಆಡುಮಾತಿನ ದಾರಿಯನ್ನೇ ಹಿಡಿದ ಮನೆಗಳಲ್ಲೂ ಮಕ್ಕಳು ಚೆನ್ನಾಗಿ ಕಲಿತಿದ್ದಾರೆ. ಯಾವ ದಾರಿ ಎಂಬುದು ಮನೆಯವರ ತೀರ್ಮಾನ. ಆದರೆ ಆರಾರು ತಿಂಗಳಿಗೊಮ್ಮೆ ಈ ಪ್ರಶ್ನೆ ಕೇಳಿಕೊಳ್ಳಿ: ಮಗುವಿಗೆ ತನ್ನ ವಯಸ್ಸಿಗೆ ತಕ್ಕ ಭಾಷೆ ಬರುತ್ತಿದೆಯೇ? ಇಲ್ಲ ಎಂದಾದರೆ ದಾರಿ ಬದಲಿಸಲು ಸಂಕೋಚ ಬೇಡ. ಸಂಜ್ಞೆಯನ್ನು ಸಾಧ್ಯವಾದರೆ ಕಿವುಡರಿಂದಲೇ ಕಲಿಯಿರಿ. ಒಬ್ಬ ಕಿವುಡ ವ್ಯಕ್ತಿ ಮನೆಗೆ ಬಂದು ನಗುತ್ತಾ ಹರಟಿ ಹೋಗುವುದನ್ನು ನೋಡಿದ ಅಪ್ಪ ಅಮ್ಮನ ಅರ್ಧ ಭಯ ಅಲ್ಲೇ ಇಳಿಯುವುದನ್ನು ನಾನು ಕಂಡಿದ್ದೇನೆ.

ತುಟಿ ನೋಡಿ ಎಲ್ಲ ತಿಳಿದುಕೊಳ್ಳುವುದಿಲ್ಲವೇ?

ಕನ್ನಡಿಯ ಮುಂದೆ ನಿಂತು ದನಿಯಿಲ್ಲದೆ 'ಮರ', 'ಬರ', 'ಪರ' ಎಂದು ಹೇಳಿ ನೋಡಿ. ಮೂರೂ ಒಂದೇ ಥರ ಕಾಣುತ್ತವೆ. ಕ, ಗ, ಹ ಕಾಣುವುದೇ ಇಲ್ಲ. ತುಟಿ ಓದುವುದು ಭಾಷೆ ಬಲ್ಲವರಿಗೆ ಒಂದು ಊರುಗೋಲು, ಆದರೆ ಭಾಷೆಯನ್ನೇ ಇನ್ನೂ ಕಲಿಯಬೇಕಾದ ಮಗು ಅದನ್ನು ನಂಬಿಕೊಂಡಿರಲಾಗದು.

ಮನೆಯಲ್ಲಿ ಒಂದು ಮಾತು, ಹೊರಗೆ ಇನ್ನೊಂದು. ಒಂದೇ ಭಾಷೆಗೆ ಸೀಮಿತವಾಗಬೇಕೇ?

ಬೇಡ. ನಿಮಗೆ ಹೃದಯದಿಂದ ಬರುವ ಭಾಷೆಯಲ್ಲೇ ಮಾತಾಡಿ. ಅರ್ಧಂಬರ್ಧ ಬರುವ ಭಾಷೆಯಲ್ಲಿ ತಡವರಿಸಿದರೆ ಮಗುವಿಗೆ ಸಿಗುವ ಮಾತೇ ಬಡವಾಗುತ್ತದೆ. ಕೇಳಿಸುವಿಕೆಗೆ ಒಳ್ಳೆಯ ನೆರವು ಸಿಕ್ಕ ಮಕ್ಕಳು ಎರಡು ಭಾಷೆಗಳನ್ನೂ ಕಲಿಯಬಲ್ಲರು.

ದಿನಾ ಮನೆಯಲ್ಲಿ ಏನು ಮಾಡಬೇಕು?

ಪಾಠದ ಹೊತ್ತು ಎಂದು ಬೇರೆ ಇಡಬೇಕಿಲ್ಲ. ಸ್ನಾನ, ಬಟ್ಟೆ ಮಡಿಸುವುದು, ಗಿಡಕ್ಕೆ ನೀರು ಹಾಕುವುದು, ಎಲ್ಲವೂ ಪಾಠವೇ. ಶೂ ಹಾಕುವ ಎರಡು ನಿಮಿಷವನ್ನೇ ತೆಗೆದುಕೊಳ್ಳಿ. ನೀವು ನೆಲದ ಮೇಲೆ ಕೂರುತ್ತೀರಿ, ನಿಮ್ಮ ಮುಖ ಮಗುವಿನ ಮುಖದ ಮಟ್ಟಕ್ಕೆ ಬರುತ್ತದೆ. ಬೆಳಕು ನಿಮ್ಮ ಮುಖದ ಮೇಲಿರಲಿ. ಕಿಟಕಿ ನಿಮ್ಮ ಬೆನ್ನಿಗಿದ್ದರೆ ಮಗುವಿಗೆ ಕಾಣುವುದು ಬರೀ ಕಪ್ಪು ನೆರಳು. ಒಂದು ಶೂ ಸಿಕ್ಕಿದೆ, ಇನ್ನೊಂದು ಕಾಣುತ್ತಿಲ್ಲ. 'ಅಯ್ಯೋ, ಒಂದೇ ಇದೆ. ಇನ್ನೊಂದು ಎಲ್ಲಿ?' ಎಂದು ಕೈಯರಳಿಸಿ ಸುಮ್ಮನಾಗಿ. ಈ ಸುಮ್ಮನಾಗುವುದೇ ಕಷ್ಟ. ಮನಸ್ಸಿನಲ್ಲಿ ಹತ್ತು ಎಣಿಸಿ. ಮಗು ಮಂಚದ ಕಡೆ ನೋಡಿತು, ಬೆರಳು ತೋರಿಸಿತು, 'ಆ' ಎಂದಿತು. ಅದು ಅದರ ಸರದಿ. ಈಗ ನಿಮ್ಮದು: 'ಹೌದಲ್ಲ! ಮಂಚದ ಕೆಳಗೆ ಇದೆ. ತಗೊಂಡು ಬಾ.' ಹಾಕುವಾಗ 'ಬಿಗಿಯಾಯ್ತಾ? ಸಡಿಲ ಮಾಡಲಾ?' ಎನ್ನಿ. ಮಗು ಶೂ ತೋರಿಸಿ 'ಊ' ಎಂದರೆ 'ಶೂ ಅನ್ನು ನೋಡೋಣ, ಇನ್ನೊಮ್ಮೆ ಅನ್ನು' ಎಂದು ಕಾಡಬೇಡಿ. 'ಶೂ, ನಿನ್ನ ಕೆಂಪು ಶೂ' ಎಂದು ಅದರ ಮಾತನ್ನು ಹಿಗ್ಗಿಸಿ ಮರಳಿಸಿ.

ಶ್ರವಣದೋಷವಿರುವ ಮಗುವಿಗೆ ಕಣ್ಣು ಎರಡು ಕೆಲಸ ಮಾಡಬೇಕು: ವಸ್ತುವನ್ನೂ ನೋಡಬೇಕು, ನಿಮ್ಮ ಮುಖವನ್ನೋ ಕೈಯನ್ನೋ ನೋಡಬೇಕು. ಎರಡೂ ಒಟ್ಟಿಗೆ ಆಗದು. ಮಗು ಚೆಂಡಿನಲ್ಲಿ ಮುಳುಗಿರುವಾಗ ನೀವು ಆಡಿದ ಮಾತು, ಮಾಡಿದ ಸಂಜ್ಞೆ ದಾರಿ ತಪ್ಪಿಹೋಗುತ್ತದೆ. ಚೆಂಡನ್ನು ನೋಡಿ ಮುಗಿಸಲಿ, ತಲೆ ಎತ್ತಿ ನಿಮ್ಮತ್ತ ತಿರುಗಲಿ, ಆಗ ಹೇಳಿ. ಇಲ್ಲವೇ ಸಂಜ್ಞೆಯನ್ನು ಚೆಂಡಿನ ಪಕ್ಕದಲ್ಲೇ, ಅದರ ನೋಟದೊಳಗೇ ಮಾಡಿ. ಗಲ್ಲ ಹಿಡಿದು ಮುಖ ತಿರುಗಿಸಬೇಡಿ. ಹೆಗಲನ್ನು ಮೃದುವಾಗಿ ತಟ್ಟಿದರೆ ಸಾಕು.

ಇನ್ನೊಂದು ವಿಷಯ ನಮ್ಮ ಕನ್ನಡಕ್ಕೇ ಸಂಬಂಧಿಸಿದ್ದು. ಕನ್ನಡದಲ್ಲಿ ಅರ್ಥದ ಗಂಟು ಪದದ ತುದಿಯಲ್ಲಿರುತ್ತದೆ: ಮನೆಗೆ, ಮನೆಯಿಂದ, ಮನೆಯಲ್ಲಿ, ಬಂದ, ಬಂದಳು, ಬಂದರು. ನಾವು ಆಡುವಾಗ ನುಂಗುವುದೂ ಆ ತುದಿಯನ್ನೇ. ಮಗುವಿಗೆ ಸುಲಭವಾಗಲಿ ಎಂದು 'ಚೆಂಡು', 'ಮನೆ' ಎಂದು ಬಿಡಿಪದಗಳನ್ನಷ್ಟೇ ಕೊಟ್ಟರೆ ಪ್ರತ್ಯಯಗಳು ಅದರ ಭಾಷೆಗೆ ಬರುವುದೇ ಇಲ್ಲ. ಚಿಕ್ಕದಾದರೂ ಪೂರ್ಣ ವಾಕ್ಯ ಆಡಿ, ಕೊನೆಯನ್ನು ತೇಲಿಸದೆ ಹೇಳಿ.

ಕಥೆ ಓದುವುದಕ್ಕೆ ಕಾಲ ಬಂತೇ?

ಬಂದಾಗಿದೆ. ಕೊಂಡ ಪುಸ್ತಕಕ್ಕಿಂತ ಮಗುವಿನದೇ ಅನುಭವದ ಪುಸ್ತಕ ಇನ್ನೂ ಒಳ್ಳೆಯದು. ದಿನಕ್ಕೊಂದು ಪುಟ: ಇವತ್ತು ಬಲೂನು ಒಡೆಯಿತು. ಒಡೆದ ಬಲೂನಿನ ಚೂರನ್ನೇ ಅಂಟಿಸಿ, ಪಕ್ಕದಲ್ಲಿ ಅಳುವ ಮುಖ ಬರೆದು, ಕೆಳಗೆ ಒಂದು ವಾಕ್ಯ ಬರೆಯಿರಿ. ನಾಳೆ ಅಪ್ಪ ಬಂದಾಗ, ನಾಡಿದ್ದು ಅಜ್ಜಿ ಬಂದಾಗ ಮಗು ಆ ಪುಟ ತೆರೆದು ತಾನೇ ಕಥೆ ಹೇಳುತ್ತದೆ. ಆಗಿಹೋದ ಸಂಗತಿಯ ಬಗ್ಗೆ ಮಾತಾಡುವುದು ಅದಕ್ಕೆ ಇಲ್ಲಿಂದಲೇ ರೂಢಿಯಾಗುತ್ತದೆ. ಓದುವಾಗ ಮಗುವಿನ ಎದುರು ಕೂತರೆ ನಿಮ್ಮ ಮುಖವೂ ಚಿತ್ರವೂ ಎರಡೂ ಕಾಣುತ್ತವೆ.

ಮೊಬೈಲಿನಲ್ಲಿ ಹಾಡು, ವಿಡಿಯೊ ತೋರಿಸಿದರೆ ಕಲಿಯುತ್ತದೆಯೇ?

ಎರಡು ವರ್ಷದೊಳಗಿನ ಮಗು ಪರದೆಯಿಂದ ಭಾಷೆ ಕಲಿಯುವುದು ತೀರಾ ಕಡಿಮೆ. ಪರದೆ ಮಗುವಿನ ಸರದಿಗಾಗಿ ಕಾಯುವುದಿಲ್ಲ. ದೂರದಲ್ಲಿರುವ ಅಜ್ಜನ ಜೊತೆ ವಿಡಿಯೊ ಕರೆ ಬೇರೆ ವಿಷಯ, ಅಲ್ಲಿ ಉತ್ತರ ಕೊಡುವ ಮನುಷ್ಯ ಇದ್ದಾರೆ.

ಒಂದೇ ಕಿವಿಗೆ ದೋಷ. ಇನ್ನೊಂದು ಸರಿ ಇದೆ. ಚಿಂತೆ ಯಾಕೆ?

ಶಬ್ದ ಯಾವ ಕಡೆಯಿಂದ ಬಂತೆಂದು ತಿಳಿಯಲು, ಗದ್ದಲದಲ್ಲಿ ಮಾತನ್ನು ಹೆಕ್ಕಿಕೊಳ್ಳಲು ಎರಡು ಕಿವಿ ಬೇಕು. ಇಂಥ ಮಕ್ಕಳಲ್ಲಿ ಭಾಷೆ, ಓದು ಹಿಂದೆ ಬೀಳುವ ಸಂಭವ ಬೇರೆ ಮಕ್ಕಳಿಗಿಂತ ಹೆಚ್ಚು. ನಿಗಾ ಇರಲಿ, ಸರಿಯಿರುವ ಕಿವಿಗೆ ಸೋಂಕಾದರೆ ಕೂಡಲೇ ತೋರಿಸಿ.

ವಿಪರೀತ ಹಠ, ಸಿಟ್ಟು. ಬುದ್ಧಿಯಲ್ಲೇ ತೊಂದರೆ ಇದೆಯೇ?

ಹೇಳಲು ಭಾಷೆಯಿಲ್ಲದವರು ಕಿರುಚುತ್ತಾರೆ. ಎಷ್ಟೋ ಮಕ್ಕಳ ಹಠ, ಇಪ್ಪತ್ತು ಮೂವತ್ತು ಪದ ಅಥವಾ ಸಂಜ್ಞೆ ಕೈಗೆ ಬಂದ ಮೇಲೆ ತಾನಾಗಿ ಇಳಿಯುತ್ತದೆ. ಮುಂದೇನಾಗುತ್ತದೆ ಎಂಬುದನ್ನು ಮೊದಲೇ ತಿಳಿಸಿ. ಹೊರಡುವ ಮುನ್ನ ಹೋಗುವ ಜಾಗದ ಫೋಟೊ ತೋರಿಸಿ. ಕಾಣುವ ವಸ್ತುಗಳ ಹೆಸರಿನ ಜೊತೆ 'ಮರೆತೆ', 'ಗೊತ್ತಿಲ್ಲ', 'ಅಕ್ಕ ಅಂದುಕೊಂಡಳು', 'ಬೇಸರವಾಯ್ತು' ಎಂಬ ಮನಸ್ಸಿನ ಮಾತುಗಳನ್ನೂ ಆಡಿ. ಕೇಳಿಸುವ ಅಪ್ಪ ಅಮ್ಮನ ಕಿವುಡು ಮಕ್ಕಳಿಗೆ ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದು ತಡವಾಗುತ್ತದೆ. ಸಂಜ್ಞೆ ಮಾಡುವ ಕಿವುಡು ಅಪ್ಪ ಅಮ್ಮನ ಮಕ್ಕಳಿಗೆ ತಡವಾಗುವುದಿಲ್ಲ. ಅಂದರೆ ಕೊರತೆ ಮಕ್ಕಳ ಬುದ್ಧಿಯದಲ್ಲ, ಅವರಿಗೆ ಸಿಕ್ಕ ಮಾತುಕತೆಯದು.

ಹಾಗೆಂದು ಬೇರೆ ತೊಂದರೆಗಳೇ ಇರುವುದಿಲ್ಲ ಎಂದಲ್ಲ. ಸುಮಾರು ಮೂರರಲ್ಲಿ ಒಂದು ಮಗುವಿಗೆ ಇನ್ನೊಂದು ಅಡಚಣೆಯೂ ಜೊತೆಗಿರುತ್ತದೆ. ಮುಖ್ಯವಾಗಿ ಕಣ್ಣು ಪರೀಕ್ಷಿಸಿ. ಕೇಳಿಸುವಿಕೆ ಕಡಿಮೆಯಿರುವ ಮಗು ಆತುಕೊಂಡಿರುವುದೇ ಕಣ್ಣನ್ನು.

ಶಿಶುವಿಹಾರಕ್ಕೆ ಸೇರಿಸುವಾಗ ಏನು ನೋಡಬೇಕು?

ಕಟ್ಟಡದ ಅಂದಕ್ಕಿಂತ ಕೋಣೆಯ ಸದ್ದು ನೋಡಿ. ಮಕ್ಕಳಿರುವಾಗಲೇ ಹೋಗಿ ಹತ್ತು ನಿಮಿಷ ನಿಲ್ಲಿ. ಬರಿಗೋಡೆ, ಬರಿನೆಲದ ದೊಡ್ಡ ಕೋಣೆಯಲ್ಲಿ ಮಾತು ಮಾರ್ದನಿಸಿ ಕಲಸಿಹೋಗುತ್ತದೆ. ಚಾಪೆ, ಪರದೆ, ಕುರ್ಚಿಯ ಕಾಲಿಗೆ ರಬ್ಬರು: ಇಷ್ಟರಿಂದಲೇ ಬಹಳ ವ್ಯತ್ಯಾಸವಾಗುತ್ತದೆ. ಟೀಚರ್ ಕೊರಳಿಗೆ ಹಾಕಿಕೊಳ್ಳುವ ರಿಮೋಟ್ ಮೈಕ್ ಅವರ ದನಿಯನ್ನು ನೇರವಾಗಿ ಮಗುವಿನ ಯಂತ್ರಕ್ಕೆ ತಲುಪಿಸುತ್ತದೆ. ಮಕ್ಕಳು ಅರ್ಧವೃತ್ತದಲ್ಲಿ ಕೂತರೆ ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ. 'ಅರ್ಥವಾಯ್ತಾ?' ಎಂದು ಕೇಳುವ ಟೀಚರಿಗಿಂತ 'ಏನು ಮಾಡಬೇಕು ಹೇಳು?' ಎಂದು ಕೇಳುವ ಟೀಚರ್ ಸಿಗಲಿ. ಮೊದಲ ಪ್ರಶ್ನೆಗೆ ಎಲ್ಲ ಮಕ್ಕಳೂ ತಲೆಯಾಡಿಸುತ್ತಾರೆ.

ಸಾಮಾನ್ಯ ಶಾಲೆಯೋ ವಿಶೇಷ ಶಾಲೆಯೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಅಲ್ಲಿ ನಡೆಯುವ ಮಾತುಕತೆ ಮಗುವಿಗೆ ಪೂರ್ತಿ ದಕ್ಕುತ್ತದೆಯೇ, ಜೊತೆಗೆ ಆಡುವ ಗೆಳೆಯರಿದ್ದಾರೆಯೇ ಎಂದು ನೋಡಿ. ಇಡೀ ದಿನ ಕಿವಿಗೊಟ್ಟು ಕೇಳುವುದು, ಕಣ್ಣಿಟ್ಟು ನೋಡುವುದು ಭಾರಿ ದಣಿವಿನ ಕೆಲಸ. ಮನೆಗೆ ಬಂದ ಮಗು ಯಂತ್ರ ತೆಗೆದು ಅರ್ಧ ಗಂಟೆ ಸುಮ್ಮನೆ ಕೂತರೆ ಕೂರಲಿ.

ನಮ್ಮ ಮಗುವಿನ ದೋಷ ತಿಳಿದದ್ದೇ ಮೂರು ವರ್ಷಕ್ಕೆ. ಕಾಲ ಮೀರಿತೇ?

ಬೇಗ ಶುರುಮಾಡಿದವರಿಗಿಂತ ಹೆಚ್ಚು ದುಡಿಯಬೇಕಾಗುತ್ತದೆ. ಆದರೆ ಬಾಗಿಲು ಮುಚ್ಚಿಲ್ಲ. ಮೇರಿ ಪ್ಯಾಟ್ ಮೊಲ್ಲರ್ 2000ದಲ್ಲಿ 112 ಮಕ್ಕಳ ಅಧ್ಯಯನ ಪ್ರಕಟಿಸಿದರು. ಹನ್ನೊಂದು ತಿಂಗಳೊಳಗೆ ಕಲಿಕೆಗೆ ಸೇರಿದವರ ಪದಸಂಪತ್ತು ಐದನೇ ವಯಸ್ಸಿಗೆ ಮುಂದಿತ್ತು ಎಂಬುದು ಅದರ ಒಂದು ಫಲಿತಾಂಶ. ಫಲಿತಾಂಶವನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸಿದ್ದು ಮನೆಯವರ ತೊಡಗುವಿಕೆ ಎಂಬುದು ಇನ್ನೊಂದು. ತಡವಾಗಿ ಸೇರಿದವರಲ್ಲೂ ಮನೆಯವರು ಕೈಜೋಡಿಸಿದ್ದ ಮಕ್ಕಳು ಉಳಿದವರಿಗಿಂತ ಮುಂದಿದ್ದರು.

ಮೂರು ವರ್ಷದ ಮಗುವಿಗೆ ಬಯಕೆ, ಕುತೂಹಲ, ಜಗಳ ಎಲ್ಲ ಇರುತ್ತದೆ, ಅದಕ್ಕೆ ತಕ್ಕ ಭಾಷೆ ಮಾತ್ರ ಇರುವುದಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ಸಂಜ್ಞೆ, ಚಿತ್ರ, ಮಾತು ಎಲ್ಲವನ್ನೂ ಕೊಡಿ, ಯಂತ್ರಕ್ಕಾಗಿ ಕಾಯಬೇಡಿ. ಯಂತ್ರ ಬಂದ ಮೇಲೆ ಮಗುವಿನ ಕಿವಿಯ ವಯಸ್ಸು ಅಂದಿನಿಂದ ಶುರು ಎಂದು ಲೆಕ್ಕ ಹಾಕಿ: ಹಾಕಿ ಆರು ತಿಂಗಳಾದ ಮಗು ಕೇಳುವುದರಲ್ಲಿ ಆರು ತಿಂಗಳ ಕೂಸು. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸದೆ ಕಳೆದ ತಿಂಗಳ ಇದೇ ಮಗುವಿನ ಜೊತೆ ಹೋಲಿಸಿ, ತಾರೀಖು ಹಾಕಿ ಹೊಸ ಪದ, ಹೊಸ ಸಂಜ್ಞೆಗಳನ್ನು ಬರೆದಿಡಿ. ಆ ಪಟ್ಟಿಯನ್ನು ಪ್ರತಿ ಭೇಟಿಗೂ ಒಯ್ಯಿರಿ. ಪಟ್ಟಿ ಎರಡು ಮೂರು ತಿಂಗಳು ಬೆಳೆಯದೆ ನಿಂತರೆ ಯಂತ್ರದ ಹೊಂದಿಕೆಯನ್ನೂ ಕಲಿಸುವ ವಿಧಾನವನ್ನೂ ಮತ್ತೆ ನೋಡಿ ಎಂದು ಆಡಿಯಾಲಜಿಸ್ಟರನ್ನೂ ಥೆರಪಿಸ್ಟರನ್ನೂ ನೀವೇ ಒತ್ತಾಯಿಸಿ.